ಶಾಲಾ ವಾಹನದ ಎಚ್ಚರಿಕೆಯ ದೀಪ ಯಾರಿಗೆ ಅರ್ಥವಾಗಬೇಕು?

ಎಂಟಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಕರೆದೊಯ್ಯುವ ಹೊಸ ವಾಹನಗಳಲ್ಲಿ ಹಾಗೂ ಭಾರೀ ಲಾರಿಗಳಲ್ಲಿ ಮೂರು ಎಲೆಕ್ಟ್ರಾನಿಕ್ ವ್ಯವಸ್ಥೆಗಳನ್ನು ಕಡ್ಡಾಯಗೊಳಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2025 ರ ಮಾರ್ಚಿನಲ್ಲಿ ಹೊರಡಿಸಿತು. ಮುಂದೆ ಅಡ್ಡಿಯಿದ್ದರೆ ತಾನಾಗಿಯೇ ಬ್ರೇಕ್ ಹಾಕುವುದು ಒಂದು. ಚಾಲಕ ತೂಕಡಿಸಿದರೆ ಎಚ್ಚರಿಸುವುದು ಇನ್ನೊಂದು. ವಾಹನವು ತನ್ನ ಪಥ ಬಿಟ್ಟು ಸರಿದರೆ ಸೂಚನೆ ನೀಡುವುದು ಮೂರನೆಯದು. ಹೊಸ ಮಾದರಿಗಳಿಗೆ 2026 ರ ಏಪ್ರಿಲ್‌ನಿಂದಲೇ ಇದನ್ನು ಅನ್ವಯಿಸುವ ಪ್ರಸ್ತಾಪ ಆ ಕರಡಿನಲ್ಲಿತ್ತು. ಕಾರುಗಳ ಜಾಹೀರಾತುಗಳಲ್ಲಿ ಈ ಮಾತುಗಳು ಕೆಲವು ವರ್ಷಗಳಿಂದ ಕೇಳಿಬರುತ್ತಿವೆ. ಈಗ ಅವು ಬಸ್ಸಿನ ಬಾಗಿಲಿಗೂ ಬಂದಿವೆ.

ಗಡಿನಾಡಿನ ಕನ್ನಡ ಶಾಲೆಗಳ ಪೋಷಕರಾದ ನಮಗೆ ಇದರಿಂದ ಏನಾಗಬೇಕು ಎಂದು ಯಾರಾದರೂ ಕೇಳಬಹುದು. ಉತ್ತರ ದೂರದಲ್ಲಿಲ್ಲ. ಊರಿನ ಕನ್ನಡ ವಿಭಾಗ ಮುಚ್ಚಿದಾಗ, ಒಂದು ಶಾಲೆ ಇನ್ನೊಂದರಲ್ಲಿ ವಿಲೀನವಾದಾಗ, ಪ್ರೌಢಶಾಲೆಗೆ ಹೋಗಬೇಕಾದ ಮಗು ಮುಂದಿನ ಪಟ್ಟಣದತ್ತ ಮುಖ ಮಾಡುತ್ತದೆ. ನೆರೆಮನೆಯ ಮಗು ರಾಜ್ಯಭಾಷೆಯ ಶಾಲೆಗೆ ನಡೆದೇ ಹೋಗುತ್ತದೆ. ನಮ್ಮ ಮಗು ವ್ಯಾನು, ಜೀಪು, ಆಟೋ, ಬಸ್ಸು ಹತ್ತುತ್ತದೆ. ಮಾತೃಭಾಷೆಯಲ್ಲಿ ಕಲಿಯುವುದಕ್ಕಾಗಿ ನಾವು ತೆರುತ್ತಿರುವ ಬೆಲೆಯಲ್ಲಿ ಪ್ರತಿದಿನದ ಈ ರಸ್ತೆಯೂ ಸೇರಿದೆ. ಆದ್ದರಿಂದ ಆ ವಾಹನದಲ್ಲಿ ಏನಿದೆ, ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ನಾವು ನಮ್ಮ ಭಾಷೆಯಲ್ಲೇ ಅರಿತಿರಬೇಕು. ನಮ್ಮ ದೃಷ್ಟಿಯಲ್ಲಿ, ಅರ್ಥವಾಗದ ಸುರಕ್ಷಾ ಯಂತ್ರವು ಅರ್ಧ ಸುರಕ್ಷೆಯನ್ನಷ್ಟೇ ಕೊಡಬಲ್ಲದು.

ನಾಲ್ಕು ಅಂಗೈಗಳಷ್ಟು ನೆಲ

ವಾಹನ ಎಷ್ಟೇ ದೊಡ್ಡದಿರಲಿ, ಅದು ನೆಲವನ್ನು ಮುಟ್ಟುವುದು ಟಯರುಗಳ ಅಡಿಯಲ್ಲಿ ಮಾತ್ರ. ಸಾಮಾನ್ಯ ಕಾರಿನ ಒಂದು ಟಯರು ರಸ್ತೆಗೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ವೇಗ ಹೆಚ್ಚಿಸುವುದು, ನಿಲ್ಲಿಸುವುದು, ತಿರುಗಿಸುವುದು, ಈ ಮೂರೂ ಕೆಲಸಗಳಿಗೆ ಬೇಕಾದ ಬಲವೆಲ್ಲ ಆ ನಾಲ್ಕು ಅಂಗೈಗಳ ಘರ್ಷಣೆಯಿಂದಲೇ ಬರಬೇಕು. ಘರ್ಷಣೆಗೆ ಒಂದು ಮಿತಿಯಿದೆ. ಅದನ್ನೆಲ್ಲ ಬ್ರೇಕಿಗೇ ಖರ್ಚು ಮಾಡಿದರೆ ತಿರುಗಿಸಲು ಏನೂ ಉಳಿಯುವುದಿಲ್ಲ. ಎಲೆಕ್ಟ್ರಾನಿಕ್ ವ್ಯವಸ್ಥೆಗಳ ಕಥೆಯೆಲ್ಲ ಈ ಒಂದು ಸತ್ಯದ ಸುತ್ತ ಹೆಣೆದುಕೊಂಡಿದೆ.

ಗಾಬರಿಯಾದ ಚಾಲಕ ಪೆಡಲನ್ನು ಜೋರಾಗಿ ತುಳಿದರೆ ಚಕ್ರಗಳು ಉರುಳುವುದನ್ನು ನಿಲ್ಲಿಸಿ ಜಾರತೊಡಗುತ್ತವೆ. ಜಾರುವ ಚಕ್ರಕ್ಕೆ ದಿಕ್ಕಿಲ್ಲ. ಸ್ಟಿಯರಿಂಗನ್ನು ಎತ್ತ ತಿರುಗಿಸಿದರೂ ವಾಹನವು ಜಡತ್ವಕ್ಕನುಗುಣವಾಗಿ ನೇರವಾಗಿಯೇ ಸಾಗುತ್ತದೆ. ಇದನ್ನು ತಡೆಯಲು ಬಂದದ್ದು ಎಬಿಎಸ್, ಅಂದರೆ ಚಕ್ರ ಬಿಗಿಯದಂತೆ ತಡೆಯುವ ಬ್ರೇಕ್ ವ್ಯವಸ್ಥೆ. ಜರ್ಮನಿಯ ಬಾಷ್ ಕಂಪನಿ ರೂಪಿಸಿದ ಇದರ ಎಲೆಕ್ಟ್ರಾನಿಕ್ ಆವೃತ್ತಿ 1978 ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಮಾರುಕಟ್ಟೆಗೆ ಬಂತು. ಪ್ರತಿ ಚಕ್ರದ ಬಳಿಯೂ ವೇಗ ಅಳೆಯುವ ಒಂದು ಸಂವೇದಕವಿರುತ್ತದೆ. ಯಾವುದಾದರೂ ಚಕ್ರ ಉಳಿದವುಗಳಿಗಿಂತ ಥಟ್ಟನೆ ನಿಧಾನವಾದರೆ ಆ ಚಕ್ರದ ಬ್ರೇಕಿನ ಒತ್ತಡವನ್ನು ಕವಾಟಗಳು ಕ್ಷಣಮಾತ್ರ ಸಡಿಲಿಸಿ, ಮತ್ತೆ ಬಿಗಿದು, ಮತ್ತೆ ಸಡಿಲಿಸುತ್ತವೆ. ಒಂದು ಸೆಕೆಂಡಿನೊಳಗೇ ಇದು ಹಲವು ಬಾರಿ ನಡೆಯುತ್ತದೆ.

ಆಗ ಚಾಲಕನ ಪಾದದಡಿಯಲ್ಲಿ ಪೆಡಲು ನಡುಗುತ್ತದೆ, ಕಟಕಟ ಸದ್ದು ಬರುತ್ತದೆ. ಇದು ಯಂತ್ರ ಕೆಲಸ ಮಾಡುತ್ತಿರುವುದರ ಗುರುತು. ಇದನ್ನು ತಿಳಿಯದವರು ಬ್ರೇಕ್ ಕೆಟ್ಟಿತೆಂದು ಬೆದರಿ ಕಾಲು ತೆಗೆಯುತ್ತಾರೆ. ಹಳೆಯ ವಾಹನಗಳಲ್ಲಿ ಪಳಗಿದವರು ಪೆಡಲನ್ನು ಬಿಟ್ಟುಬಿಟ್ಟು ತುಳಿಯುತ್ತಾರೆ. ಅಂದಿಗೆ ಸರಿಯಾಗಿದ್ದ ಆ ಪಾಠ ಎಬಿಎಸ್ ಇರುವ ವಾಹನದಲ್ಲಿ ತಪ್ಪು. ಇಲ್ಲಿ ಪೆಡಲನ್ನು ಗಟ್ಟಿಯಾಗಿ ತುಳಿದು, ಕಾಲು ತೆಗೆಯದೆ, ಅಡ್ಡಿಯಿಂದ ಪಕ್ಕಕ್ಕೆ ತಿರುಗಿಸಬೇಕು. ಸಡಿಲ ಜಲ್ಲಿಯ ರಸ್ತೆಯಲ್ಲಿ ಎಬಿಎಸ್ ಇದ್ದರೆ ನಿಲ್ಲುವ ದೂರ ತುಸು ಹೆಚ್ಚಲೂಬಹುದು. ಅದರ ಮುಖ್ಯ ಉಪಕಾರವೆಂದರೆ ಬ್ರೇಕ್ ಹಾಕುವಾಗಲೂ ದಿಕ್ಕು ಬದಲಿಸುವ ಶಕ್ತಿಯನ್ನು ಉಳಿಸಿಕೊಡುವುದು.

ಸೆಕೆಂಡಿಗೆ 25 ಬಾರಿ ಕೇಳುವ ಪ್ರಶ್ನೆ

ಎಬಿಎಸ್ ಕೆಲಸ ಮಾಡುವುದು ಚಾಲಕ ಬ್ರೇಕ್ ತುಳಿದಾಗ. ಅವನು ತುಳಿಯದಿದ್ದರೂ ವಾಹನ ಅಡ್ಡಾದಿಡ್ಡಿ ತಿರುಗತೊಡಗಿದರೆ? ಈ ಪ್ರಶ್ನೆಗೆ ಉತ್ತರವಾಗಿ ಬಾಷ್ ಕಂಪನಿಯ ಇಂಜಿನಿಯರ್ ಆಂಟನ್ ಫಾನ್ ಜಾಂಟೆನ್ ಅವರ ತಂಡ ರೂಪಿಸಿದ ಸ್ಥಿರತಾ ನಿಯಂತ್ರಣ ವ್ಯವಸ್ಥೆ 1995 ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಕಾಣಿಸಿಕೊಂಡಿತು. ಕಂಪನಿಗೊಂದು ಹೆಸರಿದ್ದರೂ ಇಎಸ್‌ಸಿ ಅಥವಾ ಇಎಸ್‌ಪಿ ಎಂಬುವು ಬಳಕೆಯ ಹೆಸರುಗಳು.

ಇದರ ತರ್ಕ ಸರಳವಾಗಿದೆ. ಚಾಲಕನು ಎತ್ತ ಹೋಗಬಯಸುತ್ತಿದ್ದಾನೆ ಎಂಬುದನ್ನು ಸ್ಟಿಯರಿಂಗಿನ ಕೋನ ಅಳೆಯುವ ಸಂವೇದಕ ಹೇಳುತ್ತದೆ. ವಾಹನ ನಿಜಕ್ಕೂ ಎತ್ತ ಹೋಗುತ್ತಿದೆ ಎಂಬುದನ್ನು ಇನ್ನೆರಡು ಸಂವೇದಕಗಳು ಹೇಳುತ್ತವೆ. ಒಂದು, ವಾಹನವು ಬುಗುರಿಯಂತೆ ತನ್ನ ನಿಂತ ಅಕ್ಷದ ಸುತ್ತ ತಿರುಗುತ್ತಿರುವ ವೇಗವನ್ನು ಅಳೆಯುತ್ತದೆ. ಮತ್ತೊಂದು, ಅದನ್ನು ಪಕ್ಕಕ್ಕೆ ತಳ್ಳುತ್ತಿರುವ ವೇಗೋತ್ಕರ್ಷವನ್ನು ಅಳೆಯುತ್ತದೆ. ನಾಲ್ಕು ಚಕ್ರಗಳ ವೇಗವೂ ಲೆಕ್ಕಕ್ಕೆ ಸೇರುತ್ತದೆ. ಬಯಸಿದ ದಾರಿಗೂ ಸಾಗುತ್ತಿರುವ ದಾರಿಗೂ ಹೊಂದಾಣಿಕೆಯಿದೆಯೇ ಎಂಬುದನ್ನು ಗಣಕವು ಸೆಕೆಂಡಿಗೆ ಸುಮಾರು 25 ಬಾರಿ ಹೋಲಿಸಿ ನೋಡುತ್ತದೆ.

ಹೊಂದಾಣಿಕೆ ತಪ್ಪಿದರೆ ಒಂದೇ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ಎಡ ತಿರುವಿನಲ್ಲಿ ವಾಹನ ಸಾಕಷ್ಟು ತಿರುಗದೆ ಹೊರಕ್ಕೆ ಸರಿಯುತ್ತಿದೆ ಎನ್ನೋಣ. ಆಗ ಒಳಬದಿಯ, ಎಂದರೆ ಎಡಬದಿಯ, ಹಿಂದಿನ ಚಕ್ರವನ್ನು ಯಂತ್ರ ಹಿಡಿದು ನಿಧಾನಗೊಳಿಸುತ್ತದೆ. ದೋಣಿಯಲ್ಲಿ ಎಡಗಡೆಯ ಹುಟ್ಟನ್ನು ನೀರಿನಲ್ಲಿ ತಡೆದು ಹಿಡಿದರೆ ದೋಣಿಯ ಮೂತಿ ಎಡಕ್ಕೆ ತಿರುಗುವಂತೆ ವಾಹನವೂ ತಿರುಗುತ್ತದೆ. ಹಾಗಲ್ಲದೆ ವಾಹನದ ಹಿಂಭಾಗವೇ ಹೊರಕ್ಕೆ ಬೀಸಿಕೊಂಡು ಇಡೀ ವಾಹನ ಗಿರ್ರನೆ ಸುತ್ತುವ ಅಪಾಯವಿದ್ದರೆ ಹೊರಬದಿಯ ಮುಂದಿನ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ಜೊತೆಗೆ ಎಂಜಿನ್ನಿನ ಶಕ್ತಿಯೂ ಇಳಿಯುತ್ತದೆ. ಚಾಲಕನ ಎರಡು ಕಾಲುಗಳು ನಾಲ್ಕು ಚಕ್ರಗಳನ್ನು ಬೇರೆಬೇರೆಯಾಗಿ ಹಿಡಿಯಲಾರವು. ಯಂತ್ರಕ್ಕೆ ಅದು ಸಾಧ್ಯ.

ಇದರ ಬೆಲೆ ಜಗತ್ತಿಗೆ ತಿಳಿದದ್ದು ಒಂದು ಅವಮಾನದಿಂದ. 1997 ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಮೋಟಾರು ಪತ್ರಿಕೆಯೊಂದು ಹೊಸ ಮರ್ಸಿಡಿಸ್ ಎ-ಕ್ಲಾಸ್ ಕಾರನ್ನು ಪರೀಕ್ಷಿಸಿತು. ಆ ನಾಡಿನ ಕಾಡುದಾರಿಗಳಲ್ಲಿ ಕಡವೆಯ ಜಾತಿಯ ದೊಡ್ಡ ಪ್ರಾಣಿಯೊಂದು ಥಟ್ಟನೆ ಅಡ್ಡ ಬರುತ್ತದೆ. ಅದನ್ನು ತಪ್ಪಿಸಲು ಒಮ್ಮೆ ಎಡಕ್ಕೆ, ಮರುಕ್ಷಣ ಬಲಕ್ಕೆ ಹೊರಳಿಸುವುದೇ ಆ ಪರೀಕ್ಷೆ. ಕಾರು ಮಗುಚಿಬಿತ್ತು. ಕಂಪನಿಯು ಮಾರಾಟವನ್ನು ತಡೆಹಿಡಿದು, ದುಬಾರಿ ಕಾರುಗಳಿಗೆ ಮೀಸಲಾಗಿದ್ದ ಸ್ಥಿರತಾ ನಿಯಂತ್ರಣವನ್ನು ಆ ಚಿಕ್ಕ ಕಾರಿನಲ್ಲೂ ಅಳವಡಿಸಬೇಕಾಯಿತು. ಅಮೆರಿಕದ ಹೆದ್ದಾರಿ ಸುರಕ್ಷಾ ವಿಮಾ ಸಂಸ್ಥೆಯ ಅಧ್ಯಯನಗಳ ಪ್ರಕಾರ, ವಾಹನವೊಂದು ತಾನೇ ದಾರಿ ತಪ್ಪಿ ನಡೆಯುವ ಮಾರಣಾಂತಿಕ ಅಪಘಾತಗಳ ಸಾಧ್ಯತೆಯನ್ನು ಇಎಸ್‌ಸಿ ಸುಮಾರು ಅರ್ಧಕ್ಕಿಳಿಸುತ್ತದೆ. ಅಮೆರಿಕದಲ್ಲಿ 2012 ರ ಮಾದರಿಗಳಿಂದ, ಯುರೋಪಿನಲ್ಲಿ 2014 ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ.

ಹಾಸನೂರಿನ ಕಾಡು ದಾಟಿ ತಾಳವಾಡಿಗೆ ಹೋಗುವವರಿಗೆ, ಮುತ್ತಂಗದ ಮೂಲಕ ವಯನಾಡು ಸೇರುವವರಿಗೆ ಆ ಸ್ವೀಡನ್ನಿನ ಪರೀಕ್ಷೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಪ್ರಾಣಿ ಬೇರೆ, ಹೊರಳಿಕೆ ಅದೇ.

ಘಾಟಿಯ ಲೆಕ್ಕ

ಇಷ್ಟೆಲ್ಲ ತಿಳಿದ ಮೇಲೆ ಯಂತ್ರವಿದ್ದರೆ ಭಯವಿಲ್ಲ ಎಂಬ ಭಾವನೆ ಬರುವುದು ಸಹಜ. ಆದರೆ ಇಎಸ್‌ಸಿ ಘರ್ಷಣೆಯನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಜಾಣತನದಿಂದ ಹಂಚುತ್ತದೆ. ಇದನ್ನು ನಮ್ಮ ಮಕ್ಕಳ ಭೌತಶಾಸ್ತ್ರದ ಪಾಠದಿಂದಲೇ ಪರೀಕ್ಷಿಸಬಹುದು.

ಸತ್ಯಮಂಗಲದಿಂದ ಮೇಲೇರುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ನೀಲಗಿರಿಯ ಕಲ್ಲಟ್ಟಿ ಘಾಟಿಯಲ್ಲಿ 36. ವಯನಾಡಿನ ತಾಮರಶ್ಶೇರಿ ಘಾಟಿಯಲ್ಲಿ ಒಂಬತ್ತು. ಇಂಥ ಒಂದು ತಿರುವಿನ ತ್ರಿಜ್ಯ 15 ಮೀಟರ್ ಎಂದಿಟ್ಟುಕೊಳ್ಳೋಣ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ, ತಿರುವಿನಲ್ಲಿ ಉಳಿಯಲು ಬೇಕಾದ ಕೇಂದ್ರಾಭಿಮುಖ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 6.7 ಮೀಟರ್. ಒಣಗಿದ ಒಳ್ಳೆಯ ರಸ್ತೆಯಲ್ಲಿ ಒಳ್ಳೆಯ ಟಯರು ಏಳರ ಆಸುಪಾಸಿನವರೆಗೆ ಕೊಡಬಲ್ಲದು, ಹಾಗಾಗಿ ವಾಹನ ಅಂಚಿನಲ್ಲಿ ಪಾರಾಗುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಸಿಗುವುದು ನಾಲ್ಕೋ ಐದೋ. ಟಯರು ಸವೆದಿದ್ದರೆ ಅದೂ ಇಲ್ಲ. ಬೇಕಾದುದು 6.7, ಇರುವುದು 4 ಎಂದಾದಾಗ ಯಾವ ಚಕ್ರಕ್ಕೆ ಬ್ರೇಕ್ ಹಾಕಿದರೂ ವಾಹನ ಹೊರಕ್ಕೆ ಜಾರಿಯೇ ತೀರುತ್ತದೆ. ಅದೇ ತಿರುವನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಿದರೆ ಬೇಕಾಗುವುದು 3.2 ಮಾತ್ರ. ಹನ್ನೊಂದು ಕಿಲೋಮೀಟರ್ ವೇಗ ಇಳಿಸಿದ್ದಕ್ಕೆ ಅಗತ್ಯ ಅರ್ಧಕ್ಕಿಂತ ಕೆಳಗಿಳಿಯಿತು. ಕಾರಣ, ವೇಗ ಇಲ್ಲಿ ವರ್ಗವಾಗಿ ಎಣಿಕೆಗೆ ಬರುತ್ತದೆ.

ಇಳಿಜಾರಿನಲ್ಲಿ ಇನ್ನೊಂದು ಅಪಾಯವಿದೆ. ಮಕ್ಕಳನ್ನು ತುಂಬಿಕೊಂಡ ವ್ಯಾನಿನ ಒಟ್ಟು ತೂಕ 2000 ಕೆ.ಜಿ. ಎನ್ನೋಣ. ಅದು 500 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 98 ಲಕ್ಷ ಜೌಲ್. ಅದೇ ವ್ಯಾನನ್ನು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಿಸಲು ಕಳೆಯಬೇಕಾದದ್ದು ಸುಮಾರು 2.8 ಲಕ್ಷ ಜೌಲ್. ಹಾಗಾದರೆ ಬರೀ ಬ್ರೇಕಿನ ಮೇಲೆ ಭಾರ ಹಾಕಿ ಘಾಟಿ ಇಳಿಯುವುದು, ಬ್ರೇಕಿಗೆ ಉಸಿರು ಬಿಡಲು ಬಿಡದೆ 35 ಬಾರಿ ವಾಹನವನ್ನು ನಿಲ್ಲಿಸಿದ್ದಕ್ಕೆ ಸಮ. ಆ ಶಕ್ತಿಯೆಲ್ಲ ಶಾಖವಾಗುತ್ತದೆ. ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ, ಬ್ರೇಕ್ ದ್ರವ ಕುದಿದರೆ ಪೆಡಲು ಹಿಟ್ಟಿನಂತೆ ಕುಸಿಯುತ್ತದೆ. ಎಬಿಎಸ್, ಇಎಸ್‌ಸಿ, ತಾನಾಗಿ ಹಾಕುವ ಬ್ರೇಕ್, ಈ ಎಲ್ಲವೂ ಕೊನೆಗೆ ಅದೇ ಬ್ರೇಕಿನ ಮೂಲಕವೇ ಕೆಲಸ ಮಾಡಬೇಕು. ಬ್ರೇಕ್ ಸೋತರೆ ಅವೆಲ್ಲವೂ ಸೋತಂತೆ. ಇದಕ್ಕೆ ಮದ್ದು ಹಳೆಯದೇ: ಹತ್ತುವ ಗೇರಿನಲ್ಲೇ ಇಳಿಯಬೇಕು, ಎಂಜಿನ್ನೇ ವಾಹನವನ್ನು ಹಿಡಿದು ನಿಲ್ಲಿಸುವಂತೆ ನೋಡಿಕೊಳ್ಳಬೇಕು.

ಕಣ್ಣುಳ್ಳ ಯಂತ್ರ

ಸ್ಥಿರತಾ ನಿಯಂತ್ರಣಕ್ಕೆ ವಾಹನದ ಸ್ಥಿತಿ ಗೊತ್ತು. ರಸ್ತೆಯ ಸ್ಥಿತಿ ಗೊತ್ತಿಲ್ಲ. ಎಡಿಎಎಸ್ ಎಂದು ಜಾಹೀರಾತಿನಲ್ಲಿ ಕಾಣುವ ಚಾಲಕ ಸಹಾಯಕ ವ್ಯವಸ್ಥೆಗಳು ಹೊರಗೆ ನೋಡುವ ಕಣ್ಣುಗಳನ್ನು ಸೇರಿಸುತ್ತವೆ. ಗಾಜಿನ ಹಿಂದಿನ ಕ್ಯಾಮೆರಾ ರಸ್ತೆಯ ಬಿಳಿ ಗೆರೆಗಳನ್ನೂ, ವಾಹನ ಮತ್ತು ಮನುಷ್ಯರ ಆಕಾರಗಳನ್ನೂ ಗುರುತಿಸುತ್ತದೆ. ಮುಂಭಾಗದ ರಾಡಾರು ರೇಡಿಯೋ ಅಲೆಗಳನ್ನು ಕಳುಹಿಸಿ, ಮರಳಿದ ಅಲೆಗಳಿಂದ ಮುಂದಿನ ವಸ್ತು ಎಷ್ಟು ದೂರದಲ್ಲಿದೆ, ಎಷ್ಟು ವೇಗವಾಗಿ ಹತ್ತಿರವಾಗುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಡಿಕ್ಕಿಗೆ ಇನ್ನೆಷ್ಟು ಸೆಕೆಂಡು ಉಳಿದಿದೆ ಎಂಬುದೇ ಅದರ ಮುಖ್ಯ ಎಣಿಕೆ. ಮೊದಲು ಸದ್ದು ಮಾಡಿ ಎಚ್ಚರಿಸುತ್ತದೆ. ಚಾಲಕ ಸುಮ್ಮನಿದ್ದರೆ ತಾನೇ ಬ್ರೇಕ್ ಹಾಕುತ್ತದೆ.

ಇದರಿಂದ ಉಳಿಯುವುದು ಮನುಷ್ಯನ ತಡ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಂಡು, ಗ್ರಹಿಸಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ 25 ಮೀಟರ್ ಮುಗಿದಿರುತ್ತದೆ. ಆಮೇಲೆ ಒಣರಸ್ತೆಯಲ್ಲಿ ನಿಲ್ಲಲು ಇನ್ನು 20 ಮೀಟರ್ ಬೇಕು. ಅರ್ಧಕ್ಕಿಂತ ಹೆಚ್ಚು ದೂರ ಬ್ರೇಕ್ ಮುಟ್ಟುವ ಮೊದಲೇ ಹೋಗಿಬಿಡುತ್ತದೆ. ತೂಕಡಿಸುವ ಚಾಲಕನಿಗೆ ಒಂದೂವರೆ ಸೆಕೆಂಡಿನ ಲೆಕ್ಕವೂ ಅನ್ವಯಿಸದು.

2022 ರ ಅಕ್ಟೋಬರ್ 5 ರ ರಾತ್ರಿ ಪಾಲಕ್ಕಾಡ್ ಜಿಲ್ಲೆಯ ವಡಕ್ಕಂಚೇರಿಯಲ್ಲಿ ನಡೆದದ್ದನ್ನು ಕೇರಳದ ಯಾವ ಪೋಷಕರೂ ಮರೆತಿರಲಾರರು. ಶಾಲಾ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ಖಾಸಗಿ ಬಸ್ಸು ರಾಜ್ಯ ಸಾರಿಗೆ ಸಂಸ್ಥೆಯ ಬಸ್ಸಿಗೆ ಹಿಂದಿನಿಂದ ಡಿಕ್ಕಿ ಹೊಡೆಯಿತು. ಐವರು ವಿದ್ಯಾರ್ಥಿಗಳೂ ಒಬ್ಬ ಶಿಕ್ಷಕರೂ ಸೇರಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಬಸ್ಸಿನ ವೇಗ ಗಂಟೆಗೆ 97.7 ಕಿಲೋಮೀಟರ್ ಇತ್ತೆಂದೂ, ವೇಗ ನಿಯಂತ್ರಕವನ್ನು ತಿದ್ದಲಾಗಿತ್ತೆಂದೂ, ವೇಗ ಮೀರಿದ ಎಚ್ಚರಿಕೆಯ ಸಂದೇಶ ಮಾಲೀಕರಿಗೆ ಹೋಗಿತ್ತೆಂದೂ ಸಾರಿಗೆ ಅಧಿಕಾರಿಗಳು ತಿಳಿಸಿದ್ದರು. ಕಾನೂನು ಅಂಥ ಬಸ್ಸಿಗೆ ವಿಧಿಸಿದ ಮಿತಿ 80. ವೇಗ ಐದನೆಯ ಒಂದು ಪಾಲಿನಷ್ಟು ಹೆಚ್ಚಿದರೂ ಡಿಕ್ಕಿಯ ಶಕ್ತಿ ಒಂದೂವರೆ ಪಟ್ಟಾಯಿತು.

ಹಿಂದಿನಿಂದ ಗುದ್ದುವ ಇಂಥ ಅಪಘಾತಗಳನ್ನು ತಡೆಯುವುದಕ್ಕೇ ಸ್ವಯಂಚಾಲಿತ ಬ್ರೇಕ್ ಹುಟ್ಟಿದ್ದು. ಆದ್ದರಿಂದ 2025 ರ ಕರಡನ್ನು ನಾವು ಸ್ವಾಗತಿಸುತ್ತೇವೆ. ಆದರೆ ವಡಕ್ಕಂಚೇರಿ ಇನ್ನೊಂದು ಪಾಠವನ್ನೂ ಹೇಳುತ್ತದೆ. ಅಲ್ಲಿ ಯಂತ್ರವಿತ್ತು, ಅದನ್ನು ತಿದ್ದಿದವರಿದ್ದರು. ಎಚ್ಚರಿಕೆಯೂ ಹೋಯಿತು, ಬಸ್ಸಿನ ವೇಗ ಮಾತ್ರ ಇಳಿಯಲಿಲ್ಲ. ಬಸ್ಸಿನೊಳಗೆ ಕುಳಿತವರಿಗೆ ಇದಾವುದೂ ಗೊತ್ತಿರುವಂತಿರಲಿಲ್ಲ.

ಈ ಕಣ್ಣುಗಳಿಗೂ ಮಬ್ಬು ಕವಿಯುತ್ತದೆ. ನೀಲಗಿರಿಯ ಮಂಜಿನಲ್ಲಿ, ಜಡಿಮಳೆಯಲ್ಲಿ, ಕೆಸರು ಮೆತ್ತಿದಾಗ ಕ್ಯಾಮೆರಾ ಕುರುಡಾಗುತ್ತದೆ. ಪಥದ ಎಚ್ಚರಿಕೆಗೆ ಬಿಳಿ ಗೆರೆ ಬೇಕು. ಕಾಸರಗೋಡಿನ ತಲಪಾಡಿ–ಚೆಂಗಳ ನಡುವಿನ ಹೊಸ ಆರು ಪಥಗಳ ಹೆದ್ದಾರಿಯಲ್ಲಿ ಅದು ನೆರವಾಗಬಲ್ಲದು. ಜತ್ತದ ಅಥವಾ ಮಡಕಶಿರಾದ ಹಳ್ಳಿಯ ದಾರಿಯಲ್ಲಿ ಗೆರೆಯೇ ಇಲ್ಲದಿದ್ದರೆ ಅದು ಏನನ್ನು ನೋಡೀತು? ಇಂದು ಮಾರಾಟವಾಗುವ ಕಾರುಗಳಲ್ಲಿ ‘ಎರಡನೆಯ ಹಂತ’ ಎನ್ನುವ ಸೌಲಭ್ಯವಿದ್ದರೂ ಆ ಹಂತದ ವ್ಯಾಖ್ಯೆಯಲ್ಲೇ ಚಾಲಕನು ಸದಾ ರಸ್ತೆಯನ್ನು ನೋಡುತ್ತಿರಬೇಕೆಂಬ ಷರತ್ತಿದೆ. ಹೊಣೆ ಯಂತ್ರಕ್ಕೆ ವರ್ಗವಾಗಿಲ್ಲ.

ದೀಪದ ಭಾಷೆ

ಈ ವ್ಯವಸ್ಥೆಗಳೆಲ್ಲ ಚಾಲಕನೊಡನೆ ಮಾತಾಡುವುದು ಸ್ಟಿಯರಿಂಗಿನ ಹಿಂದಿನ ಫಲಕದ ದೀಪಗಳ ಮೂಲಕ. ದೀಪಗಳ ಚಿಹ್ನೆಗಳಿಗೆ ಅಂತರರಾಷ್ಟ್ರೀಯ ಮಾನಕವಿದೆ. ಜಪಾನಿನ ಕಾರಿಗೂ ಚೆನ್ನೈಯಲ್ಲಿ ತಯಾರಾದ ಕಾರಿಗೂ ಬಹುತೇಕ ಅವೇ ಚಿಹ್ನೆಗಳು. ಚಿಹ್ನೆಗೆ ಭಾಷೆಯಿಲ್ಲ ಎನ್ನುವುದು ನಿಜ. ಆದರೆ ಚಿಹ್ನೆಯ ಅರ್ಥವನ್ನು ಕಲಿಸುವುದಕ್ಕೆ ಭಾಷೆ ಬೇಕು. ವಾಹನದೊಂದಿಗೆ ಬರುವ ದಪ್ಪ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಸರ್ಕಾರದ ತಿಳಿವಳಿಕೆ ಪತ್ರಗಳು ಆಯಾ ರಾಜ್ಯದ ಭಾಷೆಯಲ್ಲಿರುತ್ತವೆ. ಇವೆರಡರ ನಡುವೆ, ಕನ್ನಡದಲ್ಲಿ ಓದಿ ಬೆಳೆದು ವ್ಯಾನು ಓಡಿಸಿ ಬದುಕುವ ಗಡಿನಾಡಿನ ಚಾಲಕನಿಗೆ ಆ ಅರ್ಥ ಬಾಯಿಮಾತಿನಲ್ಲಿ ತಲುಪಿದರೆ ತಲುಪಿತು, ಇಲ್ಲದಿದ್ದರೆ ಇಲ್ಲ.

ಹಾಗಾಗಿ ಕೆಲವನ್ನಾದರೂ ಇಲ್ಲಿ ದಾಖಲಿಸುವುದು ನಮ್ಮ ಕರ್ತವ್ಯ. ವೃತ್ತದೊಳಗೆ ‘ಎಬಿಎಸ್’ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಹಳದಿ ದೀಪವು ವಾಹನ ಚಾಲೂ ಮಾಡಿದಾಗ ಹೊತ್ತಿ, ಸ್ವಲ್ಪ ಹೊತ್ತಿನಲ್ಲಿ ಆರಬೇಕು. ಆರದೆ ಉಳಿದರೆ ಸಾಮಾನ್ಯ ಬ್ರೇಕ್ ಇದ್ದೀತು, ಆದರೆ ಚಕ್ರ ಬಿಗಿಯದಂತೆ ತಡೆಯುವ ವ್ಯವಸ್ಥೆ ಕೆಲಸ ಮಾಡುತ್ತಿಲ್ಲ ಎಂದರ್ಥ. ಜಾರಿದ ಗುರುತಿನಂಥ ಅಂಕುಡೊಂಕು ಗೆರೆಗಳ ಮೇಲಿನ ಪುಟ್ಟ ಕಾರಿನ ಚಿತ್ರ ಸ್ಥಿರತಾ ನಿಯಂತ್ರಣದ್ದು. ಓಡುವಾಗ ಅದು ಮಿನುಗಿದರೆ ಚಕ್ರಗಳು ಜಾರುತ್ತಿವೆ, ಯಂತ್ರ ಈಗ ವಾಹನವನ್ನು ಹಿಡಿದಿದೆ, ವೇಗ ಇಳಿಸಿ ಎಂದು ಅರ್ಥ. ಸ್ಥಿರವಾಗಿ ಉರಿಯುತ್ತಿದ್ದರೆ ದೋಷವಿದೆ ಅಥವಾ ಯಾರೋ ಗುಂಡಿ ಒತ್ತಿ ಅದನ್ನು ಆರಿಸಿದ್ದಾರೆ. ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆಯ ಕೆಂಪು ದೀಪ ಬ್ರೇಕಿಗೆ ಸಂಬಂಧಿಸಿದ್ದು. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಅದು ಉರಿಯುತ್ತಿದ್ದರೆ ಬ್ರೇಕ್ ದ್ರವ ಕಡಿಮೆಯಾಗಿರಬಹುದು. ಅಂಥ ವಾಹನ ಮಕ್ಕಳನ್ನು ಹತ್ತಿಸಿಕೊಂಡು ಹೊರಡಬಾರದು. ಹಳದಿ ಎಂದರೆ ಬೇಗ ತೋರಿಸಿ, ಕೆಂಪು ಎಂದರೆ ಈಗಲೇ ನಿಲ್ಲಿಸಿ. ಇಷ್ಟನ್ನು ಐದನೆಯ ತರಗತಿಯ ಮಗುವೂ ಕಲಿಯಬಲ್ಲದು.

ಕಾನೂನು ಎಲ್ಲಿಗೆ ಬಂದು ನಿಂತಿದೆ

ನಮ್ಮ ದೇಶದಲ್ಲಿ 2022 ನೆಯ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿಯೇ ಹೇಳಿದೆ. ಅವರಲ್ಲಿ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಕಾನೂನು ಕೈಕಟ್ಟಿ ಕುಳಿತಿಲ್ಲ. 2019 ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಲ್ಲೂ ಎಬಿಎಸ್ ಇರಬೇಕು. 125 ಸಿಸಿ ಮೀರಿದ ಬೈಕುಗಳಿಗೂ ಅದು ಕಡ್ಡಾಯ. ಅದೇ ವರ್ಷದ ಜುಲೈಯಿಂದ ಹೊಸ ಕಾರುಗಳು 80 ಕಿಲೋಮೀಟರ್ ದಾಟಿದೊಡನೆ ಸದ್ದು ಮಾಡಬೇಕು. 2023 ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಭಾರತ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಮೂರು ಅಥವಾ ಅದಕ್ಕೂ ಹೆಚ್ಚು ನಕ್ಷತ್ರ ಪಡೆಯಬೇಕಾದರೆ ಸ್ಥಿರತಾ ನಿಯಂತ್ರಣ ಇರಲೇಬೇಕು. ಶಾಲಾ ಬಸ್ಸುಗಳ ವೇಗ ನಿಯಂತ್ರಕದ ಮಿತಿ ಗಂಟೆಗೆ 60 ಕಿಲೋಮೀಟರ್.

ಈ ನಿಯಮಗಳ ಬಹುಪಾಲು ಹೊಸ ವಾಹನಗಳಿಗೆ ಸಂಬಂಧಿಸಿದ್ದು. ಹೊಸ ಕಾರು ಪೇಟೆಯ ಮನೆಯ ಅಂಗಳಕ್ಕೆ ಬರುತ್ತದೆ; ಅದೇ ಮನೆಯವರು ಮಾರಿದ ಹಳೆಯ ವ್ಯಾನು ಎರಡು ಮೂರು ಕೈ ದಾಟಿ ಹಳ್ಳಿಯ ಮಕ್ಕಳನ್ನು ಹೊರುತ್ತದೆ. 2019 ಕ್ಕಿಂತ ಹಿಂದಿನ ವ್ಯಾನಿನಲ್ಲಿ ಎಬಿಎಸ್ ಇದೆ ಎಂಬ ಖಾತ್ರಿಯೇ ಇಲ್ಲ. ಒಬ್ಬನೇ ಕುಳಿತು ಕಚೇರಿಗೆ ಹೋಗುವ ಕಾರಿಗೆ ರಾಡಾರು, ಹತ್ತಾರು ಮಕ್ಕಳು ಕುಳಿತ ವಾಹನಕ್ಕೆ ಸವೆದ ಟಯರು ಎಂಬ ಅಸಮಾನತೆ ಸರಿಯಾಗುವವರೆಗೆ ತಂತ್ರಜ್ಞಾನದ ಪ್ರಗತಿಯನ್ನು ಕೊಂಡಾಡಲು ನಮಗೆ ಮನಸ್ಸಾಗುವುದಿಲ್ಲ. ಶಾಲಾ ವಾಹನವಾಗಿ ಪರವಾನಗಿ ಪಡೆಯುವ ಯಾವುದೇ ಗಾಡಿಯಲ್ಲಿ, ಅದು ಹೊಸದಿರಲಿ ಹಳೆಯದಿರಲಿ, ಎಬಿಎಸ್ ಇರಲೇಬೇಕು ಎಂದು ಗಡುವು ಹಾಕಿ ನಿಯಮ ಮಾಡುವುದು ರಾಜ್ಯ ಸರ್ಕಾರಗಳ ಮುಂದಿರುವ ಮೊದಲ ಕೆಲಸವಾಗಬೇಕು. ಹಳೆಯ ಗಾಡಿಯ ಬಡ ಮಾಲೀಕನಿಗೆ ಬದಲಿ ವಾಹನ ಕೊಳ್ಳಲು ಸಾಲದ ನೆರವು ಕೊಡದೆ ಇದು ಆಗದು ಎಂಬುದೂ ಅಷ್ಟೇ ನಿಜ. ನೆರವಿಲ್ಲದ ನಿಯಮದಿಂದ ವ್ಯಾನು ನಿಂತುಹೋದರೆ, ಮೊದಲು ಖಾಲಿಯಾಗುವುದು ದೂರದ ಕನ್ನಡ ಶಾಲೆಯ ಬೆಂಚುಗಳೇ.

ನಮ್ಮ ಕೈಯಲ್ಲಿರುವುದು

ಅಲ್ಲಿಯವರೆಗೆ ಕಾಯುತ್ತ ಕೂರಬೇಕಾಗಿಲ್ಲ. ಶಿಕ್ಷಕ–ರಕ್ಷಕ ಸಂಘದ ಮುಂದಿನ ಸಭೆಯಲ್ಲೇ ವಾಹನದ ಮಾಲೀಕರನ್ನೂ ಚಾಲಕರನ್ನೂ ಗೌರವದಿಂದ ಕರೆಸಿ ನಾಲ್ಕು ಪ್ರಶ್ನೆ ಕೇಳಬಹುದು. ವಾಹನ ಯಾವ ವರ್ಷದ್ದು, ಅದರಲ್ಲಿ ಎಬಿಎಸ್ ಇದೆಯೇ? ಚಾಲೂ ಮಾಡಿದ ಮೇಲೆ ಯಾವುದಾದರೂ ಹಳದಿ ಅಥವಾ ಕೆಂಪು ದೀಪ ಆರದೆ ಉಳಿಯುತ್ತದೆಯೇ? ಟಯರಿನ ಗೀರುಗಳು ಉಳಿದಿವೆಯೇ, ಬ್ರೇಕ್ ದ್ರವ ಬದಲಿಸಿದ್ದು ಯಾವಾಗ? ವೇಗ ನಿಯಂತ್ರಕಕ್ಕೆ ಯಾರಾದರೂ ಕೈ ಹಾಕಿದ್ದಾರೆಯೇ? ಕೇಳುವ ದನಿಯಲ್ಲಿ ಆರೋಪ ಇರಬಾರದು. ಕಡಿಮೆ ಆದಾಯದಲ್ಲಿ ದಿನಕ್ಕೆರಡು ಬಾರಿ ನಮ್ಮ ಮಕ್ಕಳನ್ನು ಹೊತ್ತು ತರುವ ಆ ಚಾಲಕ ನಮ್ಮವನೇ. ತಿಳಿಸಿಕೊಡದೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಎರಡನೆಯದಾಗಿ, ದೀಪಗಳ ಚಿತ್ರ ಮತ್ತು ಅರ್ಥವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ಪ್ರತಿ ಶಾಲಾ ವಾಹನದಲ್ಲೂ ಚಾಲಕನ ಕಣ್ಣಿಗೆ ಬೀಳುವಂತೆ ಇರಲಿ. ಅದನ್ನು ಸಿದ್ಧಪಡಿಸುವುದು ಪ್ರೌಢಶಾಲೆಯ ವಿಜ್ಞಾನ ಸಂಘಕ್ಕೆ ಒಂದು ವಾರದ ಕೆಲಸ. ಘಾಟಿಯ ತಿರುವಿನ ಲೆಕ್ಕ, ನಿಲ್ಲುವ ದೂರದ ಲೆಕ್ಕ, ಇಳಿಜಾರಿನ ಶಾಖದ ಲೆಕ್ಕ ಇವೆಲ್ಲ ಪಠ್ಯದ ಒಳಗಿನವೇ. ಬಲ, ಜಡತ್ವ, ಘರ್ಷಣೆ ಎಂಬ ಪದಗಳು ಪರೀಕ್ಷೆಯ ಹಾಳೆಯಿಂದ ತಾನು ಕುಳಿತ ವ್ಯಾನಿನ ಚಕ್ರದಡಿಗೆ ಇಳಿದಾಗ ಮಗುವಿಗೆ ಕನ್ನಡದಲ್ಲಿ ವಿಜ್ಞಾನ ಕಲಿತದ್ದು ಸಾರ್ಥಕವೆನಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದರೆ ಆಧುನಿಕ ತಂತ್ರಜ್ಞಾನ ತಿಳಿಯದು ಎಂಬ ಚುಚ್ಚುಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ತೋಚುವುದಿಲ್ಲ.

ಮೂರನೆಯದಾಗಿ, ಮನವಿ ಸಲ್ಲಿಸೋಣ, ಕನ್ನಡದಲ್ಲಿಯೇ ಸಲ್ಲಿಸೋಣ. ಕೇರಳದ 1969 ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಕೊಟ್ಟಿದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸುವಂತೆ ಎಲ್ಲ ರಾಜ್ಯಗಳಿಗೂ ಹೇಳುತ್ತದೆ. 350ಬಿ ವಿಧಿಯು ಇದನ್ನು ನೋಡಿಕೊಳ್ಳಲು ವಿಶೇಷಾಧಿಕಾರಿಯ ನೇಮಕಕ್ಕೆ ಅವಕಾಶ ಕಲ್ಪಿಸಿದೆ. ಸೌಲಭ್ಯವೆಂದರೆ ಶಾಲೆಯ ಗೋಡೆಗಳಷ್ಟೇ ಅಲ್ಲ, ಆ ಶಾಲೆಗೆ ಸುರಕ್ಷಿತವಾಗಿ ತಲುಪಿಸುವ ದಾರಿಯೂ ಅದರೊಳಗೆ ಬರಬೇಕೆಂಬ ವಾದವನ್ನು ನಾವು ಗಟ್ಟಿಯಾಗಿ ಮಂಡಿಸಬೇಕು. ಭಾರೀ ವಾಹನಗಳ ಹೊಸ ನಿಯಮ ಜಾರಿಯಾಗುವಾಗ ಚಾಲಕರ ತರಬೇತಿಯೂ ಜೊತೆಗೇ ಬರಬೇಕು. ಗಡಿ ತಾಲೂಕುಗಳಲ್ಲಿ ಆ ತರಬೇತಿ ಕನ್ನಡದಲ್ಲಿಯೂ ಸಿಗಬೇಕು.

ಮಳೆಗಾಲ ಕಾಲಿಡುವ ಮೊದಲು, ಶಾಲೆ ತೆರೆಯುವ ವಾರದಲ್ಲೇ, ಈ ಕೆಲಸಗಳಲ್ಲಿ ಒಂದನ್ನಾದರೂ ಆರಂಭಿಸೋಣ. ಮೊದಲ ದಿನ ವ್ಯಾನು ಚಾಲೂ ಆದಾಗ ಫಲಕದ ದೀಪಗಳು ಹೊತ್ತಿ ಆರುತ್ತವೆಯೇ ಎಂದು ಚಾಲಕ, ಒಬ್ಬ ಪೋಷಕರು ಮತ್ತು ಒಬ್ಬ ಶಿಕ್ಷಕರು ಜೊತೆಯಲ್ಲಿ ನಿಂತು ನೋಡಲಿ. ಅದಕ್ಕೆ ಒಂದು ನಿಮಿಷ ಸಾಕು.